ಚಂದ್ರನ ಮೇಲೂ ಸಮ ನಿಲ್ಲುವ ತಕ್ಕಡಿ

ಹಾಗಲವಾಡಿಯ ಹನುಮಕ್ಕನಿಗೆ ಹರಕೆ ಅಂದರೆ ಹರಕೆ. ಅದರಲ್ಲಿ ಗುಲಗಂಜಿಯಷ್ಟೂ ಕಮ್ಮಿ ಆಗಕೂಡದು. ಮಗಳ ಮಗಳು ಬಿಂದುಶ್ರೀ ಟೈಫಾಯ್ಡ್ ಬಂದು ಮಲಗಿದಾಗ, 'ಮಗು ಎದ್ದು ಓಡಾಡಲಪ್ಪ, ಅದರ ತೂಕದಷ್ಟು ಬೆಲ್ಲ ಒಪ್ಪಿಸ್ತೀನಿ' ಎಂದು ಆಂಜನೇಯನಿಗೆ ಕೈಮುಗಿದಿದ್ದಳು. ಮಗು ಎದ್ದಿತು, ಒಂಬತ್ತನೇ ಕ್ಲಾಸಿಗೂ ಹೋಯಿತು. ಉಳಿದದ್ದು ತುಲಾಭಾರ.

ಆ ಶನಿವಾರ ಬೆಳಿಗ್ಗೆ ಮಗ ಸಂತೋಷ್ ಗುಬ್ಬಿಯ ಕೊಬ್ಬರಿ ಮಂಡಿಯಿಂದ ಸ್ಪ್ರಿಂಗ್ ತಕ್ಕಡಿಯೊಂದನ್ನು ತಂದು ಗುಡಿಯ ತೊಲೆಗೆ ನೇತುಹಾಕಿದ.

"ಆ ಹಳೇ ಮರದ ತಕ್ಕಡಿ ಯಾಕವ್ವ? ಇವಳನ್ನ ಈ ಕೊಕ್ಕೆಗೆ ನೇತಾಕಿದ್ರೆ ಮುಳ್ಳೇ ಹೇಳ್ತದೆ. ಅಷ್ಟು ಬೆಲ್ಲ ತೂಗಿ ಕೊಟ್ರಾಯ್ತು."

"ನಾನೇನು ಕೊಬ್ಬರಿ ಚೀಲವಾ ಮಾವ?" ಎಂದಳು ಬಿಂದು.

"ಚೀಲ ಸುಮ್ನಿರ್ತದೆ, ನೀನು ಮಾತಾಡ್ತೀಯ, ಅಷ್ಟೇ ವ್ಯತ್ಯಾಸ. ಅವ್ವ, ಚಂದ್ರನ ಮೇಲೆ ಇವಳನ್ನ ನೇತಾಕಿದ್ರೆ ಇದೇ ಮುಳ್ಳು ಆರರಲ್ಲಿ ಒಂದು ಪಾಲು ತೋರಿಸ್ತದಂತೆ. ಇವಳನ್ನ ಅಲ್ಲಿ ತೂಗಿ ಬೆಲ್ಲನ ಇಲ್ಲಿ ತೂಗಾನ ಬುಡು, ಎಷ್ಟೋ ಉಳೀತದೆ."

ಅವನು ಹೇಳಿದ್ದು ತಮಾಷೆಗೆ. ಹನುಮಕ್ಕನ ಮುಖ ಮಾತ್ರ ಇಳಿದುಹೋಯಿತು. ಹಾಗಾದರೆ ತೂಕ ಅನ್ನೋದು ಜಾಗಕ್ಕೊಂದು ಥರವೇ? ತಾನು ಮಾತು ಕೊಟ್ಟದ್ದು ಯಾವ ತೂಕಕ್ಕೆ? ಸೂರ್ಯನನ್ನೇ ಹಣ್ಣೆಂದು ಹಿಡಿಯಹೋದ ದೇವರಿಗೆ ಬರೀ ಭೂಮಿಯ ತೂಕ ಒಪ್ಪೀತೇ?

"ಹೌದೇನೇ ಬಿಂದು? ಅಲ್ಲೋದ್ರೆ ನೀನು ಕರಗೋಗ್ತೀಯ?"

"ಇಲ್ಲ ಅಜ್ಜಿ. ಭೂಮಿ ನಮ್ಮನ್ನ ಜೋರಾಗಿ ಎಳೀತದೆ, ಚಂದ್ರ ಮೆತ್ತಗೆ ಎಳೀತಾನೆ. ಆ ಎಳೆತಾನೇ ತೂಕ. ನನ್ನೊಳಗೆ ಇರೋದು ಮಾತ್ರ ಎಲ್ಲೂ ಹೋಗಲ್ಲ. ಅದಕ್ಕೆ ದ್ರವ್ಯರಾಶಿ ಅಂತಾರೆ."

ಆ ಪದದ ಬಾಲವನ್ನು ಹನುಮಕ್ಕ ಹಿಡಿದುಕೊಂಡಳು. "ರಾಶಿನಾ? ಕಣದಲ್ಲಿ ರಾಗಿ ರಾಶಿ ಹಾಕ್ತೀವಲ್ಲ, ಅದಾ?"

"ಹೂಂ, ಹಂಗೇ ಅಂದ್ಕೊ. ರಾಶಿನ ಎಲ್ಲಿಗೆ ಹೊತ್ಕೊಂಡೋದ್ರೂ ಕಾಳು ಕಮ್ಮಿ ಆಗ್ತವಾ?"

"ದಾರೀಲಿ ನಿಮ್ಮಾವ ಚೆಲ್ಲದಿದ್ರೆ ಆಗಲ್ಲ."

"ಮರದ ತಕ್ಕಡಿ ರಾಶಿಗೆ ರಾಶಿ ಸಮ ನೋಡ್ತದೆ ಅಜ್ಜಿ. ಚಂದ್ರನ ಮೇಲೆ ನಾನು ಹಗುರ ಆದ್ರೆ ಬೆಲ್ಲನೂ ಅಷ್ಟೇ ಹಗುರ ಆಗ್ತದಲ್ಲ. ಇಲ್ಲಿ ಸಮ ನಿಂತಿದ್ದು ಅಲ್ಲೂ ಸಮನೇ."

ಹನುಮಕ್ಕ ಮೊಮ್ಮಗಳನ್ನೇ ನೋಡುತ್ತ ನಿಂತಳು. ಹೋದ ದೀಪಾವಳಿಯಲ್ಲಿ ಗಂಜಿ ಕುಡಿಯಲೂ ಕತ್ತೆತ್ತಲಾರದೆ ತನ್ನ ತೋಳಿಗೆ ಒರಗಿದ್ದ ಕೂಸು ಇದು. ಇವತ್ತು ಭೂಮಿ ಚಂದ್ರ ಎರಡನ್ನೂ ಎರಡು ಅಂಗೈಯಲ್ಲಿಟ್ಟು ತೂಗಿ ತೋರಿಸುತ್ತಿದೆ.

"ಲೋ ಸಂತೋಷ, ಆ ಕೊಕ್ಕೆ ಇಳಿಸ್ಲಾ. ಮರದ್ದನ್ನ ಕಟ್ಟು. ನನ್ನ ದೇವರು ಎಲ್ಲೆಲ್ಲಿ ಹಾರ್ತಾನೋ ಅಲ್ಲೆಲ್ಲ ನನ್ನ ಹರಕೆ ಸಮ ನಿಲ್ಲಬೇಕು."

ಬಿಂದು ಒಂದು ತಟ್ಟೆಯಲ್ಲಿ ಚಕ್ಕಂಬಕ್ಕಳ ಹಾಕಿ ಕೂತಳು. ಇನ್ನೊಂದಕ್ಕೆ ಬೆಲ್ಲದ ಅಚ್ಚುಗಳು ಏರಿದವು. ತಕ್ಕಡಿಯ ದಂಡ ತೂಗಾಡಿ ತೂಗಾಡಿ ಕೊನೆಗೆ ಸಮವಾಗಿ ನಿಂತಿತು. ಹನುಮಕ್ಕ ಕಣ್ಣು ಮುಚ್ಚಿ ಕೈಮುಗಿದಳು.

ಕಣ್ಣು ಬಿಟ್ಟರೆ ಮೊಮ್ಮಗಳ ತಟ್ಟೆ ಗುಲಗಂಜಿಯಷ್ಟು ಕೆಳಗಿಳಿದಿದೆ, ಕೆನ್ನೆ ಒಂದು ಕಡೆ ಉಬ್ಬಿದೆ.

"ಏನ್ಲೇ ಇದು, ದೇವರ ರಾಶಿನ ನಿನ್ನ ರಾಶಿಗೆ ಸೇರಿಸ್ಕೊಂಡ್ಯಲ್ಲೇ," ಎಂದು ನಗುತ್ತ ಹನುಮಕ್ಕ ಇನ್ನೊಂದು ಅಚ್ಚಿಗೆ ಕೈಹಾಕಿದಳು.