ರಜಾಯಿ ಹೊದ್ದ ಪೆಟ್ಟಿಗೆ

ಅವನ ಮೊಣಕೈ ಮತ್ತೆ ಬಂತು, ಹೊದಿಕೆಯ ಬಲಗಡೆ, ಸರಿಯಾಗಿ ತಿರುಗಿಸುವ ಗುಂಡಿಗಳಿರುವ ಕಡೆಗೇ, ಇಡೀ ವ್ಯಾನಿನಲ್ಲಿ ಅವನ ಮೊಣಕೈಗೆ ಬೇರೆ ಜಾಗವೇ ಇಲ್ಲವೇನೋ, ಡಬ್ಬ, ಡ್ರಮ್ ಬಾರಿಸುವವನಿಗೆ ಆ ಹೆಸರು ಇಟ್ಟವರ ಬಾಯಿಗೆ ಸಕ್ಕರೆ ಹಾಕಬೇಕು — ಬಾಯಿ ತೆರೆದುಕೊಂಡು ನಿದ್ದೆ ಹೊಡೆಯುತ್ತಿದ್ದಾನೆ, ನಾನು ಎರಡು ಗಂಟೆಯಿಂದ ನನ್ನ ಬೇಸ್ ಗಿಟಾರಿನ ಆಂಪನ್ನು, ಈ ಸ್ಪೀಕರ್ ಪೆಟ್ಟಿಗೆಯನ್ನು, ಮೊಣಕಾಲುಗಳಿಂದ ಮುಂದಿನ ಸೀಟಿಗೆ ಒತ್ತಿ ಹಿಡಿದು ಕೂತಿದ್ದೇನೆ, ಆಸ್ಪತ್ರೆಯಿಂದ ಮಗಳನ್ನು ಮನೆಗೆ ತಂದ ದಿನವೂ ಇಷ್ಟು ಬಿಗಿಯಾಗಿ ಕೂತಿರಲಿಲ್ಲ. ಸ್ವಲ್ಪ ಆ ಕಡೆ ಸರ್ಕೊಳ್ಳೋ ಅಂದೆ. ಕಣ್ಣು ಬಿಡದೆ, ಆಯ್ತಕ್ಕಾ ಅಂದ, ಸರಿಯಲಿಲ್ಲ. ಅಕ್ಕನಂತೆ. ಹಿಂದಿನ ಸಲ ಇದೇ ಅಕ್ಕನ ಪೆಟ್ಟಿಗೆಯ ಮೇಲೆ ತನ್ನ ಕಬ್ಬಿಣದ ಸ್ಟ್ಯಾಂಡುಗಳನ್ನೆಲ್ಲ ಪೇರಿಸಿದ್ದ, ಇಳಿಸಿದರೆ ಮುಂದಿನ ಜಾಲರಿ ತಗ್ಗು ಬಿದ್ದಿತ್ತು, ಎರಡನೇ ಹಾಡಿಗೇ ಪೆಟ್ಟಿಗೆ ಕೆಮ್ಮಿ ಕೆಮ್ಮಿ ಸುಮ್ಮನಾಯಿತು, ಆಗ ದೊಡ್ಡಣ್ಣ — ಆರ್ಕೆಸ್ಟ್ರಾ ಅವರದು, ವ್ಯಾನು ಅವರದು, ನಮ್ಮೆಲ್ಲರ ರಜಾದಿನಗಳೂ ಅವರದೇ — ಎಲ್ಲರೆದುರು ಅಂದರು, ಇನ್ನೊಂದ್ ಸಲ ನಿನ್ ಪೆಟ್ಗೆ ಕೈ ಕೊಡ್ಲಿ ನೋಡಮ್ಮಾ, ಕೀಬೋರ್ಡಿನವನ ಎಡಗೈಲೇ ಬೇಸ್ ನುಡಿಸಿಬಿಡ್ತೀನಿ, ನಿನಗೂ ಹೊರೋ ಕಷ್ಟ ತಪ್ಪುತ್ತೆ. ಎಡಗೈ. ನನ್ನ ಹನ್ನೊಂದು ವರ್ಷ ಒಬ್ಬನ ಎಡಗೈಗೆ ಸಮ. ಡಬ್ಬ ಆಗ ಒಂದು ಮಾತಾಡಿದನೇ, ತನ್ನ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದ, ಅಷ್ಟು ಹೊತ್ತು ಯಾರಾದರೂ ದಾರ ಕಟ್ಟುತ್ತಾರಾ. ಅದಕ್ಕೇ ಈ ಹೊದಿಕೆ, ಮಗಳ ಹಳೆಯ ರಜಾಯಿ, ಒಳಗೆ ಎರಡು ಪದರ ಸ್ಪಂಜು, ಮೂಲೆಗಳಿಗೆ ಸವೆದ ಚಪ್ಪಲಿಯ ಅಟ್ಟೆ, ಹೊರಗೆ ಮಳೆಯಂಗಿಯ ಬಟ್ಟೆ, ಕುಕ್ಕರ್ ಕೂಗಿನ ನಡುವೆ ನಾಲ್ಕು ಸಂಜೆ ಹೊಲಿದೆ, ಮಿಷಿನ್ನಿನ ಎರಡು ಸೂಜಿ ಮುರಿದವು, ನನ್ನ ಮೇಲೆ ಯಾವತ್ತಾದ್ರೂ ಇಷ್ಟು ಅಕ್ಕರೆ ತೋರ್ಸಿದ್ಯಾ ಅಂದರು ಗಂಡ, ನೀವೇನು ವ್ಯಾನಲ್ಲಿ ಉರುಳಾಡ್ತೀರಾ ಅಂದೆ. ನಿಯಮಗಳನ್ನು ಎಲ್ಲರಿಗೂ ಹೇಳಿದ್ದೇನೆ, ಮಲಗಿಸಬಾರದು, ಮೇಲೆ ಏನನ್ನೂ ಇಡಬಾರದು, ಮುಖ ಮುಂದಿನ ಸೀಟಿನ ಬೆನ್ನಿಗೆ ತಾಗಿರಬೇಕು, ಬೆನ್ನು ನನ್ನ ಕಡೆಗೆ, ಬಿಸಿಲು ಬೀಳುವ ಕಿಟಕಿಯ ಪಕ್ಕ ಬೇಡವೇ ಬೇಡ — ಹಾಡುವವಳು ನಕ್ಕಳು, ಅದಕ್ಕೊಂದು ಟೋಪಿನೂ ಹಾಕ್ಬಿಡಿ ಅಂದಳು, ಚಹಾದ ಫ್ಲಾಸ್ಕನ್ನು ಅದರ ಮೇಲೇ ಇಡಲು ಬಂದವಳು ಅವಳು. ಒಬ್ಬರನ್ನೂ ನಂಬಬಾರದು, ಬ್ರೇಕಿನ ಮೇಲೆ ಕುಣಿಯುವ ಈ ಡ್ರೈವರನನ್ನೂ, ಅಗೋ ಗುಂಡಿ, ನೋಡಲಿಲ್ಲ, ವ್ಯಾನು ಎದ್ದು ಬಿತ್ತು, ಪಕ್ಕದಲ್ಲಿ ಒರಗಿಸಿದ್ದ ಸ್ಟ್ಯಾಂಡು ಜಾರಿ ಹೊದಿಕೆಗೆ ಧಡ್ಡೆಂದು ಬಡಿಯಿತು, ಅಯ್ಯೋ ಸಾರಿ ಅಕ್ಕಾ ಅಂದ ಡಬ್ಬ, ಈಗ ಎಚ್ಚರವಾಯಿತು ಮಹಾರಾಯನಿಗೆ, ನಾನು ಪೆಟ್ಟಿಗೆಯನ್ನು ಮೊಣಕಾಲಿನಿಂದ ಇನ್ನಷ್ಟು ಒತ್ತಿ ಹಿಡಿದೆ, ಸಾರಿಯನ್ನು ನಿನ್ನ ಡ್ರಮ್ಮಿನೊಳಗೆ ಹಾಕಿಕೋ.

ಕಾರ್ಖಾನೆಯ ಸಭಾಂಗಣ, ವಾರ್ಷಿಕೋತ್ಸವ, ಬೆಳಿಗ್ಗೆ ಹನ್ನೊಂದಕ್ಕೆ ಶುರು, ಸಾಲುಗಟ್ಟಿದ ಪ್ಲಾಸ್ಟಿಕ್ ಕುರ್ಚಿ, ಎಲ್ಲೋ ಹೊಸ ಬಣ್ಣದ ವಾಸನೆ — ಯಾರಿಗೂ ಎತ್ತಲು ಬಿಡಲಿಲ್ಲ, ನಾನೇ ಹೊತ್ತು ತಂದು ವೇದಿಕೆಯ ಮೂಲೆಯಲ್ಲಿ ಇಳಿಸಿದೆ, ಮೊದಲು ಹಿಂದಿನ ಜಿಪ್ ಎಳೆದೆ, ಹಿಂಬದಿಯ ಹಲಗೆ ಅರ್ಧವೇ ಇರುವುದು, ಇನ್ನರ್ಧ ರಿಪೇರಿಯವನ ಅಂಗಡಿಯಲ್ಲೇ ಕಳೆದುಹೋಯಿತು, ಆ ಸಂದಿಯೊಳಗೆ ಬಗ್ಗಿ ನೋಡಿದರೆ ಕರೆಂಟಿನ ವೈರು, ವೈರಿನ ತುದಿಯಲ್ಲಿ ಪ್ಲಗ್ಗು, ಪ್ಲಗ್ಗಿನ ಹಿತ್ತಾಳೆ ಕಾಲುಗಳು ಸ್ಪೀಕರಿನ ಸದ್ದು ಹೊರಡಿಸುವ ಕಪ್ಪು ಕಾಗದದೊಳಗೆ ನೆಟ್ಟು ನಿಂತಿವೆ. ನೆಟ್ಟು ನಿಂತಿವೆ. ವೈರು ಅಲ್ಲಿ ಹೇಗೆ, ವೈರನ್ನು ಸುರುಳಿ ಸುತ್ತಿ ಬೇರೆ ಚೀಲಕ್ಕೆ ಹಾಕುವುದು, ಇದೂ ನಿಯಮವೇ, ಮೊದಲನೆಯ ನಿಯಮ — ಬೆಳಿಗ್ಗೆ ಮನೆಯಲ್ಲಿ ಒಂದು ಕೈಯಲ್ಲಿ ಮಗಳ ಜಡೆ, ಒಂದು ಕೈಯಲ್ಲಿ ವೈರು, ಎಳೀಬೇಡಮ್ಮಾ ನೋಯುತ್ತೆ, ಆಯ್ತು ಕಂದಾ ಆಯ್ತು, ಹೊರಗೆ ವ್ಯಾನಿನ ಹಾರ್ನು, ಚೀಲ ಸಿಗಲಿಲ್ಲ, ಹಿಂದಿನ ಸಂದಿಗೆ ತುರುಕಿದೆ, ಮೇಲೆ ರಜಾಯಿ ಹೊದಿಸಿ ಜಿಪ್ ಎಳೆದೆ, ಯಾರೂ ಮುಟ್ಟಬಾರದೆಂದು ಬಿಗಿಯಾಗಿ, ಆಮೇಲೆ ಎರಡು ಗಂಟೆ ಆ ಬೆನ್ನನ್ನು ಒತ್ತಿದ್ದು ನನ್ನದೇ ಮೊಣಕಾಲು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಪ್ಲಗ್ಗನ್ನು ಎಳೆದೆ, ಆದರೂ ಕಾಗದ ಹರಿಯಿತು, ಕಿರುಬೆರಳಷ್ಟು, ವೈರು ಸೆರಗಿನ ಮರೆಗೆ ಹೋಯಿತು, ಯಾರು ಹೇಳಿದರು ಅದಕ್ಕೆ ಮರೆಗೆ ಹೋಗು ಎಂದು, ಕೈ ತಾನೇ ಒಯ್ದಿತು. ಏನಾಯ್ತಕ್ಕಾ ಅಂದ ಡಬ್ಬ, ಬಗ್ಗಿ ಟಾರ್ಚು ಬಿಟ್ಟ, ಮುಖ ಇಳಿಯಿತು. ದೊಡ್ಡಣ್ಣ ಬಂದರು. ಏನಮ್ಮಾ, ಮತ್ತೆ ಶುರುವಾಯ್ತಾ, ಯಾರ್ ಕೆಲ್ಸ ಇದು. ನಾನು ಬಾಯಿ ತೆರೆದೆ, ಕೀಬೋರ್ಡಿನವನ ಎಡಗೈ ಕಣ್ಣ ಮುಂದೆ ಬಂತು, ಅಷ್ಟರಲ್ಲಿ ಡಬ್ಬ, ನಂದೇ ಅಣ್ಣಾ, ಗುಂಡಿಲಿ ಸ್ಟ್ಯಾಂಡ್ ಬಿತ್ತು, ನಾನು ಕಟ್ಟಿರ್ಲಿಲ್ಲ. ಕುಂಬಳಕಾಯಿ ಕದ್ದವಳು ನಾನು, ಹೆಗಲು ಮುಟ್ಟಿ ನೋಡಿಕೊಂಡವನು ಅವನು. ಸ್ಟ್ಯಾಂಡಲ್ಲ ಕಣೋ, ನಿನ್ನನ್ನ ಕಟ್ಟಿಹಾಕ್ಬೇಕಿತ್ತು ಅಂದರು ದೊಡ್ಡಣ್ಣ, ಹಾಗಾದ್ರೆ ಹೋದ್ಸಲನೂ ನೀನೇ, ಈ ಸಲನೂ ನೀನೇ, ಇವತ್ತಿಂದು ಮುಗ್ಸು, ಮುಂದಿನ್ದಕ್ಕೆ ಬೇರೆಯವನನ್ನ ನೋಡ್ಕೋತೀನಿ. ಅವನು ನಕ್ಕ ಹಾಗೆ ಮಾಡಿದ, ಆಯ್ತಣ್ಣಾ ಅಂದ. ಜಗಳ ಆಡಬಾರದೇ, ಸ್ಟ್ಯಾಂಡು ತಾಗಿದ್ದು ಪಕ್ಕಕ್ಕೆ, ತೂತು ಬಿದ್ದದ್ದು ಹಿಂದಿನಿಂದ ಎಂದು ಕಣ್ಣಿದ್ದವನಿಗೆ ಕಾಣುವುದಿಲ್ಲವೇ, ದಡ್ಡ, ಶುದ್ಧ ಡಬ್ಬ. ಕೂತ್ಕೋ ಅಕ್ಕಾ, ಹತ್ ನಿಮಿಷ, ನಾನ್ ಮಾಡ್ತೀನಿ ಅಂದ, ವೇದಿಕೆ ಅಲಂಕಾರದವರ ಹತ್ತಿರ ಅಂಟು ಕೇಳಿ ತಂದ, ಕೈ ಒರೆಸುವ ತೆಳು ಕಾಗದ ತಂದ, ಸಂದಿಯೊಳಗೆ ಮೊಣಕೈವರೆಗೆ ಕೈ ಇಳಿಸಿ, ಅಂಟಿನಲ್ಲಿ ಅದ್ದಿದ ಕಾಗದವನ್ನು ಹರಿದ ಕಡೆ ಇಟ್ಟು, ಹೆಬ್ಬೆರಳಿನಿಂದ ಸವರಿದ, ಕೋಲು ಹಿಡಿದು ಹಿಡಿದು ಜಡ್ಡುಗಟ್ಟಿದ ಹೆಬ್ಬೆರಳು, ಪಟ್ಟಿ ಸುತ್ತಿದ ಹೆಬ್ಬೆರಳು, ಅಂಚಿನಿಂದ ನಡುವಿಗೆ, ಉಸಿರು ಬಿಗಿಹಿಡಿದು.

ಪೆಟ್ಟಿಗೆ ನುಡಿಯುತ್ತಿದೆ, ತುಸು ಗೊರಗೊರ, ಕೇಳುವವರಿಗೆ ತಿಳಿಯದು, ಇವತ್ತು ಸೌಂಡ್ ಚೆನ್ನಾಗಿದೆಯಮ್ಮಾ ಎಂದು ದೊಡ್ಡಣ್ಣ ಹಾದುಹೋದರು, ನಿಮ್ಮ ಮೆಚ್ಚುಗೆಗೆ ಬೆಂಕಿ ಬೀಳಲಿ, ಮೂರನೇ ಹಾಡು, ನಾಲ್ಕನೇ ಹಾಡು, ಹಿಂದಿನಿಂದ ಅವನ ಏಟು ಒಂದೂ ತಪ್ಪುತ್ತಿಲ್ಲ, ತಪ್ಪಬಾರದೇ ಒಂದಾದರೂ, ಬೈಯಲು ಒಂದು ನೆಪ ಕೊಡಬಾರದೇ, ಒಳ್ಳೆಯವನಾಗು ಎಂದು ನಿನಗೆ ಹೇಳಿದವರು ಯಾರು, ಅದೂ ಇವತ್ತೇ, ನನ್ನ ಎದುರೇ. ಹಾಡುಗಳ ನಡುವೆ ಬಗ್ಗಿ ಕೇಳಿದ, ಅಕ್ಕಾ, ಕಾಗದ ನಿಂತಿದ್ಯಾ. ನಿಂತಿದೆ ಅಂದೆ. ಅಷ್ಟೇ ಅಂದೆ. ಇನ್ನೂ ಒಂದು ಮಾತಿಗೆ ಜಾಗವಿತ್ತು, ವೈರು ನಾನೇ ತುರುಕಿದ್ದು ಕಣೋ, ಇಷ್ಟೇ, ಒಂದು ಉಸಿರಿನ ಮಾತು, ಆಮೇಲೆ ಬರಲಿ ಎಡಗೈ, ಮನೆಯಲ್ಲಿ ಕೂತು ಜಡೆ ಹೆಣೆಯುತ್ತೇನೆ — ಹೆಣೆಯಲಾರೆ, ಈ ನಾಲ್ಕು ತಂತಿ ಬಿಟ್ಟರೆ ನನಗೆ ಮನೆಯ ಹೊರಗೆ ಇನ್ನೇನಿದೆ, ಅವನಿಗೇನಿದೆ, ಕೇಳಿಲ್ಲ, ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಕೇಳಿಲ್ಲ, ಯಾವಾಗಲೂ ಮೊಣಕೈ ನೋಡಿದೆ. ಈ ಹಾಡು ಮುಗಿಯಲಿ, ದೊಡ್ಡಣ್ಣನ ಬಳಿ ಹೋಗುತ್ತೇನೆ, ಮುಗಿಯಿತು, ಚಪ್ಪಾಳೆ, ಅವರು ಅಲ್ಲೇ ನಿಂತಿದ್ದಾರೆ, ಆರು ಹೆಜ್ಜೆ, ಡಬ್ಬ ಕೋಲುಗಳನ್ನು ಎತ್ತಿ ಒಂದು ಎರಡು ಎಂದು ಎಣಿಸುತ್ತಿದ್ದಾನೆ, ನನ್ನ ಬೆರಳು ತಂತಿಯ ಮೇಲೆ ಹೋಗಿಬಿಟ್ಟಿತು, ಇದು ಮುಗಿಯಲಿ, ಇದು ಕೊನೆಯದಲ್ಲವಲ್ಲ, ಪೆಟ್ಟಿಗೆಯೊಳಗೆ ಕಾಗದ ನಡುಗುತ್ತಿದೆ, ಹಿಡಿದುಕೊಂಡಿದೆ, ಅದರ ಮೇಲೆ ಇನ್ನೂ ಆ ಹೆಬ್ಬೆರಳು, ಅಂಚಿನಿಂದ ನಡುವಿಗೆ, ಮೆಲ್ಲಗೆ, ನೋವಾದೀತೆಂಬ ಹಾಗೆ, ಹೆಬ್ಬೆರಳು, ಪಟ್ಟಿ ಸುತ್ತಿದ ಹೆಬ್ಬೆರಳು