ಹಿತ್ತಾಳೆ ಕೆಟಲಿನ ಮೂತಿ

ಮದುವೆಯಾಗಿ ಎರಡು ವರ್ಷವಾದರೂ ಮಾವ ಅಳಿಯನನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದರು. “ಬನ್ನಿ, ಕೂತ್ಕೊಳ್ಳಿ, ಟೀ ತಗೊಳ್ಳಿ.” ಅಷ್ಟಕ್ಕೆ ಮಾತು ಮುಗಿಯುತ್ತಿತ್ತು. ಆಮೇಲೆ ತಮ್ಮ ರೇಡಿಯೋ ರಿಪೇರಿ ಮೇಜಿಗೆ ಮರಳಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಅಕ್ಕಿಕಾಳಿನಷ್ಟು ತವರ ಕರಗಿಸಿ ಎಳೆತಂತಿಗಳನ್ನು ಬೆಸೆಯುತ್ತ ಕೂರುವರು. ಅಳಿಯ ಸೇತುವೆಯ ಉಕ್ಕಿನ ತೊಲೆಗಳಿಗೆ ವೆಲ್ಡಿಂಗ್ ಮಾಡುವವನು. ದನಿ ದೊಡ್ಡದು, ಕೈ ಇನ್ನೂ ದೊಡ್ಡದು. ಆ ಮೇಜಿನ ಹತ್ತಿರ ಜೋರಾಗಿ ಉಸಿರು ಬಿಡಲೂ ಅವನಿಗೆ ಹೆದರಿಕೆ.

ಒಂದು ಭಾನುವಾರ ಅತ್ತೆ ಹಿತ್ತಾಳೆ ಕೆಟಲನ್ನು ಒಲೆಯ ಮೇಲಿಟ್ಟು, ಪಕ್ಕದ ಮನೆಯವರ ಜೊತೆ ಮಾತಿಗೆ ನಿಂತರು. ನೀರೆಲ್ಲ ಇಂಗಿ, ಕೆಟಲ್ ಕಾದು, ಮಾವ ಎಂದೋ ಹಾಕಿದ್ದ ತವರದ ಬೆಸುಗೆ ಕರಗಿ, ಮೂತಿ ಠಣ್ಣೆಂದು ನೆಲಕ್ಕೆ ಬಿತ್ತು.

“ನನ್ನ ಮಾತಿಗಿಂತ ಮುಂಚೆ ನಿಮ್ಮ ಬೆಸುಗೆ ಮುಗೀತು ನೋಡಿ!” ಎಂದರು ಅತ್ತೆ.

ಮಾವನ ಮುಖ ಸಪ್ಪಗಾಯಿತು. “ನೀರಿರೋ ತನಕ ಅಷ್ಟೇ ಕಣೇ. ಬರೀ ಬೆಂಕಿಗೆ ತವರ ತಡೆಯಲ್ಲ.”

“ನಾನು ಮಾಡ್ಕೊಡ್ತೀನಿ ಅತ್ತೆ. ನಮ್ಮ ಶೆಡ್ಡಲ್ಲಿ ಎರಡೇ ನಿಮಿಷದ ಕೆಲ್ಸ,” ಎಂದು ಅಳಿಯ ಬಾಯಿ ಹಾಕಿದ.

ಮರುದಿನ ಶೆಡ್ಡಿನಲ್ಲಿ ಗ್ಯಾಸ್ ಟಾರ್ಚ್ ಹಚ್ಚಿದ. ಜ್ವಾಲೆ ತೆಳು ಹಿತ್ತಾಳೆಗೆ ತಾಗಿದ್ದೇ ತಡ, ಕೆಟಲಿನ ಹೊಟ್ಟೆಯಲ್ಲಿ ಇನ್ನೊಂದು ತೂತು! ಸಂಜೆ ಹೆಂಡತಿಯನ್ನು ಮುಂದೆ ಬಿಟ್ಟು ತಾನು ಹಿಂದೆ ನಿಂತು ವಿಷಯ ಹೇಳಿಸಿದ.

ಮಾವ ಬೈಯಲಿಲ್ಲ. ಕೆಟಲನ್ನು ಬೆಳಕಿಗೆ ಹಿಡಿದು ನೋಡಿ, “ನಾಳೆ ನಾನೂ ಬರ್ತೀನಿ ನಿಮ್ಮ ಶೆಡ್ಡಿಗೆ,” ಎಂದರು.

ತೂತಿಗೆ ಸರಿಯಾಗಿ ಕತ್ತರಿಸಿದ ಹಿತ್ತಾಳೆ ತಗಡು, ಬೆಳ್ಳಿ ಬೆರೆಸಿದ ತೆಳು ಬೆಸುಗೆ ಕಡ್ಡಿ ಹಿಡಿದು ಬಂದರು. ಬೆಸುಗೆ ಚೆನ್ನಾಗಿ ಹಿಡಿಯಲೆಂದು ಬಿಳಿಗಾರ ಸವರಿ, ಮೂತಿಯನ್ನು ಇಕ್ಕಳದಲ್ಲಿ ಹಿಡಿದು ಕೂತರು.

“ಜ್ವಾಲೆ ಸಣ್ಣ ಮಾಡಿ. ಇನ್ನೂ ಸಣ್ಣ. ಕಡ್ಡಿ ನೋಡ್ಬೇಡಿ, ಹಿತ್ತಾಳೆ ಬಣ್ಣ ನೋಡಿ.”

ಹಿತ್ತಾಳೆ ಮೆಲ್ಲಗೆ ಕೆಂಪಾಯಿತು. ಅಳಿಯ ಕಡ್ಡಿ ಚಾಚಿದ.

“ಏಯ್, ತಡಿಯೋ! ಏನೋ ನಿಂದು ಅವಸರ! ಹಾಂ... ಈಗ ಮುಟ್ಸು! ಹಾಗೇ ಸುತ್ತ ಎಳಿ!”

ಬೆಸುಗೆ ಕರಗಿ ಸಂದಿಯ ಸುತ್ತ ನೀರಿನಂತೆ ಹರಿಯಿತು. ಟಾರ್ಚ್ ಆರಿಸಿದ ಮೇಲೆ ಮಾವ ತಡವರಿಸಿದರು. “ಬಾಯಿ ತಪ್ಪಿ ಏಕವಚನ ಬಂದ್ಬಿಡ್ತು. ಬೇಜಾರು ಮಾಡ್ಕೋಬೇಡಿ.”

“ಬೇಜಾರಾ? ಅಪ್ಪ ಹೋದ್ಮೇಲೆ ನನ್ನನ್ನ ಹಿಂಗೆ ಗದರೋರೇ ಇರ್ಲಿಲ್ಲ ಮಾವ.”

ಮಾವ ಒರೆಸಿದ ಕನ್ನಡಕವನ್ನೇ ಮತ್ತೆ ಒರೆಸಿದರು. “ಸರಿ, ಆ ಬಟ್ಟೆ ಕೊಡೋ ಇಲ್ಲಿ.”

ಕೆಟಲ್ ಒಂದು ಹನಿಯೂ ಸೋರಲಿಲ್ಲ. ಆದರೆ ಮೂತಿ ಎಡಕ್ಕೆ ವಾಲಿತ್ತು; ಅತ್ತೆ ಬಗ್ಗಿಸಿದ ಮೊದಲ ಟೀ ಮೇಜಿನ ಪಾಲಾಯಿತು.

“ಇಬ್ರೂ ಸೇರಿ ಸೊಟ್ಟ ಮಾಡಿದ್ದೀರಲ್ರೀ!”

“ನಾನು ನೆಟ್ಟಗೇ ಹಿಡಿದಿದ್ದೆ, ಇವನೇ ಅಲ್ಲಾಡಿಸ್ದ,” ಎಂದರು ಮಾವ.

“ಸುಳ್ಳು ಅತ್ತೆ! ಮತ್ತೆ ಬಿಚ್ಚಿ ಸರಿ ಮಾಡ್ತೀವಿ, ಕೊಡಿ.”

ಅತ್ತೆ ಕೊಡಲಿಲ್ಲ. ಲೋಟವನ್ನೇ ಒಂಚೂರು ಎಡಕ್ಕೆ ಸರಿಸಿ ಟೀ ಬಗ್ಗಿಸಿದರು.