ಡಿಲಿಸ್ ಕೊಟ್ಟುಬಿಟ್ಟ ದನಿ

ಡಿಲಿಸ್ ಪ್ರೋಬರ್ಟ್‌ಗೆ ಬಾರದ ಹಾಡಿರಲಿಲ್ಲ. ಬೆಳಿಗ್ಗೆ ರೇಡಿಯೋದಲ್ಲಿ ಭಕ್ತಿಗೀತೆ, ಮಧ್ಯಾಹ್ನ ನಾಯಿ ಬಿಸ್ಕತ್ತಿನ ಜಾಹೀರಾತು, ಸಂಜೆ ಸೋಹೋ ಪೇಟೆಯ ನೆಲಮಾಳಿಗೆ ಕ್ಲಬ್ಬಿನಲ್ಲಿ ಜಾಝ್. ಅಮೆರಿಕದಲ್ಲಿ ಯಾರ ಹಾಡು ಗೆದ್ದರೂ ವಾರದೊಳಗೆ ಅವರದೇ ಗಂಟಲಲ್ಲಿ ಹಾಡಿಕೊಡುತ್ತಿದ್ದಳು. ಹನ್ನೊಂದು ವರ್ಷ ಅವಳಿಗೆ ಪಿಯಾನೋ ನುಡಿಸಿದವನು ನಾನು. ತನ್ನ ಹೆಸರಿನಲ್ಲಿ, ತನ್ನ ದನಿಯಲ್ಲಿ ಒಂದೇ ಒಂದು ರೆಕಾರ್ಡು ಬರಲಿ ಎನ್ನುವುದಷ್ಟೇ ಅವಳ ಆಸೆ.

ಅರವತ್ತೆರಡರ ಮಾರ್ಚಿನಲ್ಲಿ ಆ ದಿನ ಬಂತು.

"ಯಾರ್ ಥರಾನೂ ಬೇಡ ಲೆನ್. ಇವತ್ತು ನನ್ ಥರ," ಅಂದಳು. ಹಾಡಿದಳು.

ರೆಕಾರ್ಡ್ ಕಂಪನಿಯ ಹ್ಯಾಲಮ್ ಸ್ಟುಡಿಯೋದ ಗಾಜಿನ ಕೋಣೆಯಿಂದ ಮಾಂಸದ ಪಫ್ ಅಗಿಯುತ್ತಲೇ ಬಂದ. ಗಡ್ಡದ ತುಂಬಾ ಪುಡಿ. ಥೂ, ಈಗಲೂ ನೆನೆದರೆ ಅಸಹ್ಯವಾಗುತ್ತದೆ.

"ಸೊಗಸಾಗಿದೆ ಡಾರ್ಲಿಂಗ್. ಆದ್ರೆ ಥೇಟ್ ಫೆನೆಲಾ ಗ್ರೇ ಹಾಡ್ದಂಗೇ ಇದೆಯಲ್ಲ! ಜನ ನಕಲು ಅಂತಾರೆ. ಬೇಡ."

ಫೆನೆಲಾ ಗ್ರೇ ಸಿನಿಮಾ ತಾರೆ. ಶ್ರುತಿ ಅವಳಿಗೆ ಏಳು ಜನ್ಮದ ಶತ್ರು. ಮೂರು ಚಿತ್ರಗಳಲ್ಲಿ ತುಟಿ ಅವಳದು, ಹಾಡು ಡಿಲಿಸ್‌ಳದು. "ಯಾರನ್ನೂ ಅನುಕರಿಸಬೇಡ, ನಿನ್ನ ಸಹಜ ದನಿಯೇ ಸಾಕು" ಎಂದಿದ್ದರು ಚಿತ್ರದವರು. ಎಲ್ಲರಿಗೂ ಎರವಲು ದನಿಯಲ್ಲಿ ಹಾಡಿದವಳು ಅಲ್ಲಿ ಮಾತ್ರ ನಿಜದ್ದನ್ನು ಕೊಟ್ಟುಬಿಟ್ಟಿದ್ದಳು, ಪಾಪ. ಬಾಯಿ ಬಿಡುವುದಿಲ್ಲವೆಂದು ನಾವಿಬ್ಬರೂ ಸಹಿ ಹಾಕಿದ್ದೆವು.

"ಅದು ನಾನೇ!" ಎಂದುಬಿಟ್ಟಳು ಡಿಲಿಸ್.

ಹ್ಯಾಲಮ್ ನಕ್ಕ. "ಎಲ್ರೂ ಹಿಂಗೇ ಅಂತಾರಮ್ಮ."

"ಲೆನ್‌ನ ಕೇಳಿ. ಆ ಹಾಡುಗಳಿಗೆ ಪಿಯಾನೋ ನುಡಿಸಿದ್ದೇ ಇವ್ನು."

"ಹೌದೇನಯ್ಯಾ? ನೀನು ಹೂಂ ಅನ್ನು, ನಾಳೇನೇ ರೆಕಾರ್ಡು ಅಚ್ಚಿಗೆ ಕಳಿಸ್ತೀನಿ."

ಸೋಮವಾರದಿಂದ ಫೆನೆಲಾಳ ನಾಲ್ಕನೇ ಚಿತ್ರದ ಕೆಲಸ ನನಗಿತ್ತು. ಸಹಿ ಬೇರೆ ಹಾಕಿದ್ದೆನಲ್ಲ. ಕಳ್ಳನಿಗೊಂದು ಪಿಳ್ಳೆ ನೆವ. ಕೆಮ್ಮಿದೆ. ಪಿಯಾನೋದ ಕೀಗಳನ್ನು ಕರವಸ್ತ್ರದಿಂದ ಒರೆಸತೊಡಗಿದೆ.

"ಎಷ್ಟೋ ಕಡೆ ನುಡಿಸ್ತೀನಿ ಸರ್. ನಂಗೇನೂ ನೆನಪಿಲ್ಲ."

ನನ್ನ ಬಾಯಿಂದಲೇ ಕೊಳೆತ ವಾಸನೆ ಬಂದಂತಾಯಿತು.

ಡಿಲಿಸ್ ಕೋಟಿನ ಗುಂಡಿ ಹಾಕಿಕೊಂಡಳು. ಮಧ್ಯಾಹ್ನಕ್ಕೆ ಅವಳಿಗೆ ನಾಯಿ ಬಿಸ್ಕತ್ತಿನ ಹಾಡಿತ್ತು. ಬಾಗಿಲ ಬಳಿ ನಿಂತು ನನ್ನತ್ತ ತಿರುಗಿದಳು. ಮೊದಲು ಕೆಮ್ಮಿದಳು. ಆಮೇಲೆ ನನ್ನದೇ ದನಿಯಲ್ಲಿ, ಕೂದಲೆಳೆಯಷ್ಟೂ ತಪ್ಪದಂತೆ, ಅಂದಳು:

"ನಂಗೇನೂ ನೆನಪಿಲ್ಲ."